ಆಟ ಚೆನ್ನಾಗಿದೆ, ಷೇರು ಹೇಗೆ?



ಈ ಸಲದ ಚೌತಿಯ ಮಾರನೆಯ ದಿನ ನನ್ನ ಮಗ ಅಡುಗೆಮನೆಗೆ ಬಂದು, ಕಡುಬಿನ ಪಾತ್ರೆಯ ಮುಚ್ಚಳ ತೆರೆಯುತ್ತ, "ಅಮ್ಮ, ಮೂರು ಲಕ್ಷ ರೂಪಾಯಿ ಒಂದು ವಿಡಿಯೋ ಗೇಮ್ ಕಂಪನಿಯ ಷೇರಿಗೆ ಹಾಕುತ್ತೇನೆ. ಅಪ್ಪನಿಗೆ ನೀನೇ ಹೇಳು" ಎಂದ. ಮೂರು ಲಕ್ಷ ಎಂದರೆ ಅವನು ಕೆಲಸಕ್ಕೆ ಸೇರಿದಂದಿನಿಂದ ಸ್ವಂತ ಮನೆಯ ಮುಂಗಡಕ್ಕೆಂದು ಕೂಡಿಟ್ಟ ಅಷ್ಟೂ ಹಣ. ಆ ಕಂಪನಿಯೇ ಯಾಕೆ ಎಂದು ಕೇಳಿದೆ. "ಅವರ ಗೇಮ್ ನಾನೇ ಆಡುತ್ತೇನಲ್ಲ! ಆಫೀಸಿನಲ್ಲಿ ಎಲ್ಲರೂ ಆಡುತ್ತಾರೆ. ಸೂಪರ್ ಆಗಿದೆ."

ಕಂಪನಿ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಅದನ್ನು ಸಲಹೆ ಎಂದುಕೊಂಡುಬಿಡುತ್ತೀರಿ.

ನಾನು ಮದುವೆಯಾಗಿ ಈ ಮುಂಬೈಗೆ ಬಂದದ್ದು 1991ರಲ್ಲಿ. ಆಗ ಲೋಕಲ್ ರೈಲಿನಲ್ಲಿ, ಹಾಲಿನ ಕ್ಯೂನಲ್ಲಿ, ಎಲ್ಲೆಲ್ಲೂ ಷೇರಿನದೇ ಮಾತು. ನಮ್ಮ ಮಾವನವರು ಕುಂದಾಪುರದ ಕಡೆ ಮನೆ ಕಟ್ಟಿಸಬೇಕೆಂದು ಇಟ್ಟುಕೊಂಡಿದ್ದ ಹತ್ತು ಸೆಂಟ್ಸ್ ಜಾಗ ಮಾರಿ ಷೇರು ಕೊಂಡರು. 1992ರ ಏಪ್ರಿಲ್‌ನಲ್ಲಿ ಹರ್ಷದ್ ಮೆಹ್ತಾ ಹಗರಣ ಹೊರಬಿತ್ತು. ಮುಂದಿನದು ನಿಮ್ಮ ಅಪ್ಪ ಅಮ್ಮಂದಿರಿಗೆ ಗೊತ್ತು. ಯಾವ ಆಧಾರದ ಮೇಲೆ ಆ ಷೇರು ಕೊಂಡಿರಿ ಎಂದು ಒಮ್ಮೆ ಕೇಳಿದ್ದಕ್ಕೆ ಮಾವನವರು, "ಎಲ್ಲರೂ ಒಳ್ಳೆಯ ಕಂಪನಿ ಅಂತಿದ್ದರು" ಎಂದಿದ್ದರು. ಅತ್ತೆ ತೀರಿಕೊಳ್ಳುವವರೆಗೂ ಊರಿಗೆ ಹೋದಾಗ ಉಳಿದುಕೊಂಡದ್ದು ಬೇರೆಯವರ ಮನೆಯಲ್ಲಿ.

ಅದಕ್ಕೇ ಮಗನಿಗೆ ಬೇಡ ಎನ್ನಲಿಲ್ಲ, ಹೂಂ ಎಂದೂ ಹೇಳಲಿಲ್ಲ. "ಆ ಕಂಪನಿಯ ವಾರ್ಷಿಕ ವರದಿ ತಂದುಕೊಡು, ಎರಡು ವಾರ ಸಮಯ ಕೊಡು" ಎಂದೆ. ಇಂಗ್ಲಿಷ್ ಬಿ.ಎ. ಮಾಡಿದ ಗೃಹಿಣಿಗೆ ಲೆಕ್ಕಪತ್ರ ಅರ್ಥವಾಗುವುದುಂಟೆ ಎಂದು ನಗಬೇಡಿ. ತಿಂಗಳ ಕೊನೆಯಲ್ಲಿ ಮನೆ ನಡೆಸಿದವರಿಗೆ ಎಂಥ ಲೆಕ್ಕವೂ ಅರ್ಥವಾಗುತ್ತದೆ, ಕೂತು ಓದಬೇಕು ಅಷ್ಟೆ. ಆ ಎರಡು ವಾರದಲ್ಲಿ ನಾವಿಬ್ಬರೂ ಸೇರಿ ಮೂರು ಪ್ರಶ್ನೆಗಳನ್ನು ಬರೆದುಕೊಂಡೆವು. ನಿಮಗೂ ಉಪಯೋಗವಾದೀತು.

ಮೊದಲನೆಯದು, ಲಾಭ ಎಷ್ಟು ಆಟಗಳಿಂದ ಬರುತ್ತಿದೆ?

ಕ್ಯಾಂಡಿ ಕ್ರಶ್ ಆಡದವರು ನಿಮ್ಮಲ್ಲಿ ಯಾರಿದ್ದೀರಿ? ನಾನೂ ಆಡಿದ್ದೇನೆ. ಅದನ್ನು 2012ರಲ್ಲಿ ಹೊರತಂದದ್ದು ಸ್ವೀಡನ್‌ನಲ್ಲಿ ಹುಟ್ಟಿದ ಕಿಂಗ್ ಎಂಬ ಕಂಪನಿ. 2013ರಲ್ಲಿ ಅದರ ಲಾಭ 56.8 ಕೋಟಿ ಡಾಲರ್. 2014ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂದಾಗ ಒಂದು ಷೇರಿಗೆ 22.50 ಡಾಲರ್. ಆ ದರದಲ್ಲಿ ಇಡೀ ಕಂಪನಿಯ ಬೆಲೆ ಸುಮಾರು 700 ಕೋಟಿ ಡಾಲರ್, ಅಂದರೆ ಹನ್ನೆರಡು ವರ್ಷದ ಲಾಭದಷ್ಟು. ಇದನ್ನೇ ಪಿ.ಇ. ಎನ್ನುವುದು. ಬೇರೆ ಸಾಫ್ಟ್‌ವೇರ್ ಕಂಪನಿಗಳಿಗೆ ಹೋಲಿಸಿದರೆ ಇದು ಅಗ್ಗ. ಮಗ ಕೂಡ "ಚೀಪ್ ಆಗಿತ್ತಲ್ಲಮ್ಮ" ಎಂದ.

ಅಗ್ಗ ಏಕೆ ಎಂಬುದನ್ನು ಕಂಪನಿಯೇ ತನ್ನ ಪ್ರಾಸ್ಪೆಕ್ಟಸ್‌ನಲ್ಲಿ ಬರೆದಿತ್ತು. 2013ರ ಕೊನೆಯ ಮೂರು ತಿಂಗಳಲ್ಲಿ ಆಟಗಾರರು ತೆತ್ತ ಹಣದಲ್ಲಿ ಶೇ. 78 ಬಂದದ್ದು ಕ್ಯಾಂಡಿ ಕ್ರಶ್ ಒಂದರಿಂದಲೇ. ಮೊದಲ ದಿನವೇ ಷೇರು 19 ಡಾಲರಿಗೆ ಇಳಿಯಿತು. 2015ರ ನವೆಂಬರ್‌ನಲ್ಲಿ ಆಕ್ಟಿವಿಷನ್ ಬ್ಲಿಝರ್ಡ್ ಆ ಕಂಪನಿಯನ್ನು ಕೊಳ್ಳಲು ಒಪ್ಪಿದ್ದು ಷೇರಿಗೆ 18 ಡಾಲರಿನಂತೆ. ಆಟಕ್ಕೇನೂ ಆಗಿರಲಿಲ್ಲ, ಜನ ಇವತ್ತಿಗೂ ಆಡುತ್ತಾರೆ. ಕಂಪನಿಗೂ ನಷ್ಟವಾಗಿರಲಿಲ್ಲ. ಆದರೆ 22.50 ಕೊಟ್ಟವರಿಗೆ ಕೈಗೆ ಬಂದದ್ದು 18, ಜೊತೆಗೆ ಸ್ವಲ್ಪ ಲಾಭಾಂಶ. ಒಂದೇ ಮರದ ಫಸಲು ನೋಡಿ ತೋಟಕ್ಕೆ ಬೆಲೆ ಕಟ್ಟಬಾರದು ಎನ್ನುವುದು ಇದಕ್ಕೇ.

ಎರಡನೆಯದು, ಹೊರಗೆ ಬಾರದ ಆಟಕ್ಕೆ ನೀವು ಈಗಲೇ ಹಣ ಕೊಡುತ್ತಿದ್ದೀರಾ?

ಪೋಲೆಂಡಿನ ಸಿಡಿ ಪ್ರೊಜೆಕ್ಟ್ ಒಳ್ಳೆಯ ಹೆಸರಿನ ಕಂಪನಿ. 2015ರಲ್ಲಿ ಅವರ 'ವಿಚರ್ 3' ಲೋಕಪ್ರಸಿದ್ಧವಾಯಿತು. 2012ರಲ್ಲೇ ಘೋಷಿಸಿದ್ದ 'ಸೈಬರ್‌ಪಂಕ್ 2077' ಆಟಕ್ಕಾಗಿ ಎಲ್ಲರೂ ಕಾದಿದ್ದರು, ಷೇರು ಏರುತ್ತಲೇ ಹೋಯಿತು. 2020ರಲ್ಲಿ ಬಿಡುಗಡೆಯ ದಿನಾಂಕವನ್ನು ಮೂರು ಬಾರಿ ಮುಂದೂಡಿದರು. ಕೊನೆಗೆ ಡಿಸೆಂಬರ್ 10ರಂದು ಬಂದಾಗ ಹಳೆಯ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಲ್ಲಿ ಆಟ ಸರಿಯಾಗಿ ಓಡಲೇ ಇಲ್ಲ. ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದ ತೆಗೆದುಹಾಕಿ ಹಣ ವಾಪಸು ಕೊಡತೊಡಗಿತು. ಮತ್ತೆ ಒಳಗೆ ಬಿಟ್ಟದ್ದು 2021ರ ಜೂನ್‌ನಲ್ಲಿ. ಅಷ್ಟರೊಳಗೆ ಷೇರು ಅರ್ಧಕ್ಕಿಂತ ಕೆಳಗಿಳಿದಿತ್ತು. ಕಂಪನಿ ವರ್ಷಗಟ್ಟಲೆ ದುಡಿದು ಆಟವನ್ನು ರಿಪೇರಿ ಮಾಡಿ ಮರ್ಯಾದೆ ಉಳಿಸಿಕೊಂಡಿತು, ಆ ಮಾತು ಬೇರೆ.

ಇಲ್ಲಿ ಲೆಕ್ಕದ ಒಂದು ಸೂಕ್ಷ್ಮವಿದೆ. ಆಟ ತಯಾರಾಗುವ ವರ್ಷಗಳಲ್ಲಿ ಇಂಜಿನಿಯರುಗಳ ಸಂಬಳವನ್ನೆಲ್ಲ ಅನೇಕ ಕಂಪನಿಗಳು ಆಯಾ ವರ್ಷದ ಖರ್ಚಾಗಿ ತೋರಿಸುವುದಿಲ್ಲ, 'ತಯಾರಿಯಲ್ಲಿರುವ ಸಾಫ್ಟ್‌ವೇರ್' ಎಂದು ಆಸ್ತಿಯ ಪಟ್ಟಿಗೆ ಸೇರಿಸುತ್ತವೆ. ಇದು ತಪ್ಪಲ್ಲ, ನಿಯಮವೇ ಇದೆ. ಆದರೆ ಆಟ ಸೋತರೆ ಆ 'ಆಸ್ತಿ'ಯನ್ನು ನಷ್ಟವೆಂದು ಬರೆದುಹಾಕಬೇಕು. ಆದ್ದರಿಂದ ಲಾಭದ ಸಾಲನ್ನು ಮಾತ್ರ ನೋಡಬೇಡಿ. ನಗದು ಎಷ್ಟು ಬಂತು, ಎಷ್ಟು ಹೋಯಿತು ಎಂಬ ಪಟ್ಟಿ ಬೇರೆಯೇ ಇರುತ್ತದೆ, ಅದನ್ನು ಪಕ್ಕದಲ್ಲಿಟ್ಟು ನೋಡಿ. ನಾಲ್ಕೈದು ವರ್ಷ ಕಾಗದದ ಮೇಲೆ ಲಾಭವಿದ್ದು ಕೈಯಲ್ಲಿ ಕಾಸಿಲ್ಲವಾದರೆ ಏಕೆ ಎಂದು ಕೇಳಬೇಕು.

ಮೂರನೆಯದು, ಬೀಗದ ಕೈ ಯಾರ ಹತ್ತಿರ ಇದೆ?

ಮೊಬೈಲ್ ಆಟ ನಿಮ್ಮ ಫೋನಿಗೆ ಬರುವುದು ಆಪಲ್ ಅಥವಾ ಗೂಗಲ್ ಅಂಗಡಿಯ ಮೂಲಕ. ಆಟಗಾರ ಕೊಟ್ಟ ನೂರು ರೂಪಾಯಿಯಲ್ಲಿ ಮೂವತ್ತು ಆ ಅಂಗಡಿಗೆ ಎಂಬುದು ಬಹುಕಾಲ ನಡೆದುಬಂದ ದರ. ಅಂಗಡಿಯವನು ನಿಯಮ ಬದಲಿಸಿದರೆ ಆಟದ ಕಂಪನಿ ಬಗ್ಗಬೇಕು.

ಅದಕ್ಕಿಂತ ದೊಡ್ಡ ಬೀಗದ ಕೈ ಸರ್ಕಾರದ್ದು. ನಮ್ಮ ಮುಂಬೈಯದೇ ಆದ ನಜಾರಾ ಟೆಕ್ನಾಲಜೀಸ್ 2021ರ ಮಾರ್ಚ್‌ನಲ್ಲಿ ಷೇರಿಗೆ 1,101 ರೂಪಾಯಿಯಂತೆ ಪೇಟೆಗೆ ಬಂತು. ಮಕ್ಕಳ ಆಪ್, ಇ-ಸ್ಪೋರ್ಟ್ಸ್ ಹೀಗೆ ಅದರ ವ್ಯಾಪಾರ ಹಲವು ಬಗೆ. ಮೊದಲ ಪ್ರಶ್ನೆಯಲ್ಲಿ ಪಾಸಾಗುವಂಥದ್ದೇ. 2024ರಲ್ಲಿ ಅದು ಪೋಕರ್‌ಬಾಜಿ ನಡೆಸುವ ಕಂಪನಿಯಲ್ಲಿ ನೂರಾರು ಕೋಟಿ ರೂಪಾಯಿಗೆ ದೊಡ್ಡ ಪಾಲು ಕೊಳ್ಳಲು ಹೊರಟಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ 2023ರ ಅಕ್ಟೋಬರ್‌ನಿಂದಲೇ ಶೇ. 28 ಜಿಎಸ್‌ಟಿ ಬಿದ್ದಿತ್ತು. 2025ರ ಆಗಸ್ಟ್ 20 ಮತ್ತು 21ರಂದು ಸಂಸತ್ತಿನ ಎರಡೂ ಸದನಗಳು ಅಂಥ ಆಟಗಳನ್ನೇ ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿದವು, ಮರುದಿನ ರಾಷ್ಟ್ರಪತಿಗಳ ಸಹಿಯೂ ಬಿತ್ತು. ನಜಾರಾ ಷೇರು ದಿಢೀರನೆ ಕುಸಿಯಿತು. ಆ ಪಾಲಿನ ಬೆಲೆಯನ್ನು ಕಂಪನಿ ತನ್ನ ಲೆಕ್ಕದಲ್ಲಿ ತಗ್ಗಿಸಬೇಕಾಯಿತು. ಮೂರು ದಿನದಲ್ಲಿ ಒಂದು ಉದ್ಯಮದ ಬಾಗಿಲು ಮುಚ್ಚಿತು ನೋಡಿ. ಆ ನಿಷೇಧ ಸರಿಯೇ ಎಂದರೆ, ಹಣ ಕಟ್ಟಿ ಆಡಿ ಮನೆ ಮುಳುಗಿಸಿಕೊಂಡವರನ್ನು ಕಂಡಿರುವ ನಾನು ಸರಿ ಎಂದೇ ಹೇಳುವವಳು. ಆದರೆ ಷೇರು ಕೊಳ್ಳುವವರು ಇದನ್ನು ಮೊದಲೇ ಯೋಚಿಸಬೇಕಿತ್ತು. ಕಾನೂನಿನ ಅಪಾಯವನ್ನು ಇಂಥ ಕಂಪನಿಗಳು ತಮ್ಮ ಪ್ರಾಸ್ಪೆಕ್ಟಸ್‌ನಲ್ಲಿ ಬರೆದೇ ಇರುತ್ತವೆ. ಆ ಪುಟಗಳನ್ನು ಯಾರೂ ಓದುವುದಿಲ್ಲ.

ಮಗನ ಕಂಪನಿಗೆ ಈ ಮೂರು ಪ್ರಶ್ನೆ ಹಾಕಿದೆವು. ಕಾನೂನಿನ ತೊಡಕು ಕಾಣಲಿಲ್ಲ. ಸಾಲವಿಲ್ಲ, ನಗದಿದೆ. ಆದರೆ ಆದಾಯದ ಬಹುಪಾಲು ಒಂದೇ ಆಟದಿಂದ, ಅವನು ಆಡುವ ಆ ಆಟದಿಂದಲೇ. "ಇನ್ನೆಷ್ಟು ವರ್ಷ ನೀನು ಇದನ್ನೇ ಆಡುತ್ತೀ?" ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದ ವರ್ಷ ಬೇರೆ ಗೇಮ್ ಆಡ್ತಿದ್ದೆ" ಎಂದ. ಅಷ್ಟು ಸಾಕಾಯಿತು.

ಕೊನೆಗೆ ಮೂವತ್ತು ಸಾವಿರ ಹಾಕಿದ. ಉಳಿದದ್ದು ಮನೆಯ ಮುಂಗಡಕ್ಕೆಂದು ಬ್ಯಾಂಕಿನಲ್ಲೇ ಇದೆ. ಮೂವತ್ತು ಸಾವಿರ ಪೂರ್ತಿ ಹೋದರೂ ನಮ್ಮ ಮನೆಯಲ್ಲಿ ಒಲೆ ಆರುವುದಿಲ್ಲ, ಅವನ ಸ್ವಂತ ಮನೆಯ ಕನಸೂ ಕರಗುವುದಿಲ್ಲ. ಏಕೆ ಕೊಂಡೆ, ಏನಾದರೆ ಮಾರುತ್ತೇನೆ ಎಂಬುದನ್ನು ಒಂದು ಹಾಳೆಯಲ್ಲಿ ಅವನ ಕೈಯಿಂದಲೇ ಬರೆಸಿ ಬೀರುವಿನಲ್ಲಿ ಇಟ್ಟಿದ್ದೇನೆ. ಮಾವನವರ ಬಳಿ ಅಂಥ ಒಂದು ಹಾಳೆ ಇರಲಿಲ್ಲ.

ನೀವು ನಮಗಿಂತ ಬುದ್ಧಿವಂತರು, ಈ ಆಟಗಳೂ ನಿಮಗೇ ಚೆನ್ನಾಗಿ ಗೊತ್ತು. ಆಟ ಗೊತ್ತಿರುವುದು ಒಳ್ಳೆಯ ಆರಂಭ. ಆದರೆ ಊಟ ರುಚಿಯಾಗಿದೆಯೆಂದು ಹೋಟೆಲನ್ನೇ ಕೊಳ್ಳಲು ಹೋಗುವ ಮೊದಲು ಗಲ್ಲಾಪೆಟ್ಟಿಗೆಯ ಲೆಕ್ಕ ಕೇಳಬೇಕು. ಈ ಊರಿನಲ್ಲಿ ಹೋಟೆಲು ಕಟ್ಟಿ ಬೆಳೆದ ನಮ್ಮ ಹಿರಿಯರಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಮುಂದಿನ ತಿಂಗಳು ಮತ್ತೆ ಸಿಗೋಣ. ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ನಿಮಗೆ ಇಷ್ಟವಾದ ಯಾವುದಾದರೂ ಕಂಪನಿಯ ವಾರ್ಷಿಕ ವರದಿ ತೆರೆದು ಹತ್ತು ಪುಟ ಓದಿ. ಅರ್ಥವಾಗದ್ದನ್ನು ಅಪ್ಪನನ್ನೋ ಅಮ್ಮನನ್ನೋ ಕೇಳಿ. ಅವರಿಗೂ ತಿಳಿಯದಿದ್ದರೆ ಇನ್ನೂ ಒಳ್ಳೆಯದು, ಜೊತೆಯಲ್ಲಿ ಕೂತು ಓದಿ.