ಮನೆಯಲ್ಲಿ ಉಳಿಯುವವರ ಊರು

'ಕೆಟ್ಟು ಪಟ್ಟಣ ಸೇರು' ಎಂಬುದು ಕನ್ನಡನಾಡಿನ ಹಳೆಯ ಗಾದೆ. ಬೇಸಾಯ ಕೈಕೊಟ್ಟವನಿಗೆ, ಸಾಲಗಾರರ ಮುಖ ನೋಡಲಾರದವನಿಗೆ ಪಟ್ಟಣದಲ್ಲಿ ಹೇಗೋ ಎರಡು ಹೊತ್ತಿನ ಅನ್ನ ಹುಟ್ಟುತ್ತದೆ ಎಂಬ ಧೈರ್ಯ ಅದರ ಹಿಂದೆ ಇದೆ. ಆದರೆ ಕೆಡದೆಯೇ ಪಟ್ಟಣವನ್ನು ಬಿಡಲು ಹೊರಡುವ ಸಂಸಾರಗಳೂ ಉಂಟಾಗಬಹುದೆಂದು ಗಾದೆಯನ್ನು ಕಟ್ಟಿದವರು ಎಣಿಸಿರಲಿಕ್ಕಿಲ್ಲ. ಇಂದು ಬೆಂಗಳೂರಿನಲ್ಲಿ ಅಂತಹ ಸಂಸಾರಗಳು ಅಪರೂಪವಲ್ಲ. ಯಜಮಾನರಿಗೆ ಕೆಲಸವಿದೆ, ತಿಂಗಳಿಗೆ ಸರಿಯಾಗಿ ಸಂಬಳವೂ ಬರುತ್ತದೆ. ಆದರೂ ಮನೆ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ಬೇಸಗೆಯಲ್ಲಿ ಟ್ಯಾಂಕರ್ ನೀರಿನ ಲೆಕ್ಕ, ಇಷ್ಟನ್ನೂ ಕೂಡಿಸಿ ಕಳೆದ ಮೇಲೆ, ಭಾನುವಾರ ಸಂಜೆಯ ಕಾಫಿಯ ಹೊತ್ತಿಗೆ ಒಂದು ಮಾತು ತಾನಾಗಿ ಮೇಲೇಳುತ್ತದೆ: ಕೆಲಸ ಇಲ್ಲಿಯೇ ಇರಲಿ, ಸಂಸಾರ ಮಾತ್ರ ಹತ್ತಿರದ ಯಾವುದಾದರೂ ಊರಿಗೆ ಹೋದರೇನು?

ಈ ಯೋಚನೆ ತೀರ ಹೊಸದೇನೂ ಅಲ್ಲ. 1898ರಲ್ಲಿ ಪ್ಲೇಗು ಬೆಂಗಳೂರಿನ ಪೇಟೆಗೆ ಕಾಲಿಟ್ಟಾಗ ಇಕ್ಕಟ್ಟಾದ ಬೀದಿಗಳನ್ನು ಬಿಟ್ಟು ಜನ ಹೊರಗೆ ಹೋದರು. ಆ ಕಾಲದಲ್ಲಿ ಹೊಸದಾಗಿ ರೂಪುಗೊಳ್ಳುತ್ತಿದ್ದ ಮಲ್ಲೇಶ್ವರ, ಬಸವನಗುಡಿಗಳು ಪೇಟೆಯ ಮಂದಿಯ ಕಣ್ಣಿಗೆ ಊರಾಚೆಯ ಬಯಲುಗಳೇ. ಅಂದು ಹೊರಟವರು ನಡೆದುಕೊಂಡೋ ಜಟಕಾ ಹತ್ತಿಯೋ ಪೇಟೆಗೆ ಮರಳಬಹುದಾಗಿತ್ತು. ಇಂದು ಹೊರಡುವವರು ರಾಮನಗರ, ಚನ್ನಪಟ್ಟಣ, ತುಮಕೂರು, ದೊಡ್ಡಬಳ್ಳಾಪುರ, ಮಾಲೂರು, ಹೊಸೂರು ಎಂದು ಹೆಸರುಗಳನ್ನು ಹಾಳೆಯ ಮೇಲೆ ಬರೆದುಕೊಂಡು ಕೂಡಬೇಕಾಗಿದೆ.

ಹಾಳೆಯ ಮೇಲಿನ ಈ ಹೆಸರುಗಳ ಪೈಕಿ ಒಂದನ್ನು ಆರಿಸುವುದು ಹೇಗೆ? ಸಾಮಾನ್ಯವಾಗಿ ನಿವೇಶನದ ಬೆಲೆಯಿಂದ ಲೆಕ್ಕ ಪ್ರಾರಂಭವಾಗುತ್ತದೆ. ದಲ್ಲಾಳಿ ಬಣ್ಣದ ಚಿತ್ರಗಳ ಕಾಗದವನ್ನು ಕೈಗಿಡುತ್ತಾನೆ. 'ನಗರದಿಂದ ಕೇವಲ ನಲವತ್ತೈದು ನಿಮಿಷ' ಎಂಬ ಸಾಲು ಅದರಲ್ಲಿ ತಪ್ಪುವುದಿಲ್ಲ. ಆ ನಲವತ್ತೈದು ನಿಮಿಷ ಯಾವ ಹೊತ್ತಿನದು, ನಗರದ ಯಾವ ಮೂಲೆಯಿಂದ ಎಣಿಸಿದ್ದು ಎಂದು ಕೇಳುವವರು ಕಡಮೆ. ನಡುರಾತ್ರಿ ಬರಿದಾದ ರಸ್ತೆಯಲ್ಲಿ ನಗರದ ಕೊನೆಯ ಅಂಚಿನಿಂದ ಎಣಿಸಿದರೆ ಅದು ಸುಳ್ಳೂ ಆಗಿರಲಾರದು. ಬೆಳಗಿನ ಎಂಟು ಗಂಟೆಗೆ ಕಚೇರಿಗೆ ಹೊರಟವನಿಗೆ ಮಾತ್ರ ಅದರಿಂದ ಉಪಯೋಗವಿಲ್ಲ.

ಆದ್ದರಿಂದ ನಿವೇಶನಕ್ಕಿಂತ ಮೊದಲು ನೋಡಬೇಕಾದುದು ದಿಕ್ಕು. ಬೆಂಗಳೂರಿನಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುವುದೇ ಒಂದು ಪ್ರಯಾಣ. ವೈಟ್‌ಫೀಲ್ಡಿನಲ್ಲಿ ಕೆಲಸವಿದ್ದವನು ಪಶ್ಚಿಮದ ರಾಮನಗರದಲ್ಲಿ ಮನೆ ಮಾಡಿದರೆ ಪ್ರತಿದಿನವೂ ಇಡೀ ನಗರವನ್ನು ಸೀಳಿಕೊಂಡು ಹೋಗಬೇಕು. ಅವನಿಗೆ ಮಾಲೂರು, ಬಂಗಾರಪೇಟೆಗಳ ಕಡೆಯೇ ಸರಿ. ಆ ಮಾರ್ಗದ ರೈಲು ವೈಟ್‌ಫೀಲ್ಡ್, ಕೃಷ್ಣರಾಜಪುರಗಳ ಮೂಲಕವೇ ನಗರಕ್ಕೆ ಬರುತ್ತದೆ. ಪೀಣ್ಯ, ಯಶವಂತಪುರಗಳಲ್ಲಿ ದುಡಿಯುವವನಿಗೆ ಸುಮಾರು 70 ಕಿಲೋಮೀಟರ್ ದೂರದ ತುಮಕೂರು, ನಗರದೊಳಗಿನ ಎಷ್ಟೋ ಬಡಾವಣೆಗಳಿಗಿಂತ ಹತ್ತಿರವೆನಿಸಬಹುದು. ಮೆಜೆಸ್ಟಿಕ್, ವಿಧಾನಸೌಧಗಳ ಸುತ್ತಿನ ಕಚೇರಿಗಳವರಿಗೆ ಮೈಸೂರು ಮಾರ್ಗ ಅನುಕೂಲ. ಅದರಲ್ಲಿ ರಾಮನಗರ ಸುಮಾರು 45, ಚನ್ನಪಟ್ಟಣ 56, ಮಂಡ್ಯ 93 ಕಿಲೋಮೀಟರುಗಳಷ್ಟು ದೂರ. ರೈಲು ನಿಲ್ದಾಣದ ಪಕ್ಕದಲ್ಲಿಯೇ ಮೆಟ್ರೋ ಇದೆ. ಎಲೆಕ್ಟ್ರಾನಿಕ್ ಸಿಟಿಯವರು ಸಹಜವಾಗಿ ಹೊಸೂರಿನತ್ತ ನೋಡುತ್ತಾರೆ. 2025ರ ಆಗಸ್ಟಿನಲ್ಲಿ ಮೆಟ್ರೋ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ತೆರೆದ ಮೇಲೆ ಆ ದಿಕ್ಕಿನ ಆಸೆ ಇನ್ನಷ್ಟು ಬೆಳೆದಿದೆ.

ದಿಕ್ಕು ತೀರ್ಮಾನವಾದ ಬಳಿಕ ಗಂಟೆಗಳ ಲೆಕ್ಕ. ರಾಮನಗರದ ಮನೆಯಿಂದ ನಿಲ್ದಾಣಕ್ಕೆ ಹದಿನೈದು ನಿಮಿಷ, ಗಾಡಿ ಕಾಯುವುದಕ್ಕೆ ಹತ್ತು, ರೈಲಿನಲ್ಲಿ ಒಂದು ಗಂಟೆ, ಇಳಿದ ಮೇಲೆ ಕಚೇರಿ ಮುಟ್ಟಲು ಮೂವತ್ತೈದು ನಿಮಿಷ ಎಂದಿಟ್ಟುಕೊಳ್ಳಬಹುದು. ಹೋಗಲು ಎರಡು ಗಂಟೆ, ಬರಲು ಎರಡು. ತಿಂಗಳಿಗೆ 25 ದಿನಗಳ ಕೆಲಸವಾದರೆ ನೂರು ಗಂಟೆ. ವರ್ಷಕ್ಕೆ 1,200 ಗಂಟೆ, ಅಂದರೆ ಐವತ್ತು ಹಗಲು ಮತ್ತು ಐವತ್ತು ಇರುಳು. ಈ ಅಂಕಿಯನ್ನು ಕಂಡು ಬೆದರಬೇಕಾಗಿಲ್ಲ. ನಗರದಲ್ಲಿದ್ದಾಗಲೇ ದಿನಕ್ಕೆ ಮೂರು ಗಂಟೆಗಳನ್ನು ಬಸ್ಸಿನಲ್ಲಿ ಕಳೆಯುತ್ತಿದ್ದವನಿಗೆ ಹೆಚ್ಚಾಗುವುದು ಒಂದು ಗಂಟೆ ಮಾತ್ರ. ನೋಡಬೇಕಾದುದು ಆ ವ್ಯತ್ಯಾಸವನ್ನು. ಬಾಡಿಗೆಯಲ್ಲಿ ಉಳಿಯುವ ಹಣ ಆ ಹೆಚ್ಚಿನ ಗಂಟೆಗಳಿಗೆ ತಕ್ಕ ಬೆಲೆಯೇ ಎಂಬುದನ್ನು ಪ್ರತಿ ಸಂಸಾರವೂ ತಾನೇ ತೂಗಿ ನೋಡಬೇಕು.

ರೈಲೋ ರಸ್ತೆಯೋ ಎಂಬುದು ಮುಂದಿನ ಪ್ರಶ್ನೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಭವ್ಯವಾದದ್ದೇ ಸರಿ. ಆದರೆ ಅದಕ್ಕೆ ಸುಂಕವುಂಟು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಗಳಿಗೂ ಆಟೋಗಳಿಗೂ ಪ್ರವೇಶವಿಲ್ಲ. ಸ್ಕೂಟರನ್ನು ನಂಬಿದ ಗೃಹಸ್ಥ ಪಕ್ಕದ ಸೇವಾ ರಸ್ತೆಯಲ್ಲಿಯೇ ಸಾಗಬೇಕು. ರೈಲ್ವೆಯ ಮಾಸಿಕ ಸೀಸನ್ ಟಿಕೆಟ್ಟು ಸಾಮಾನ್ಯವಾಗಿ 150 ಕಿಲೋಮೀಟರುಗಳವರೆಗೆ ದೊರೆಯುತ್ತದೆ. ಅದರ ಬೆಲೆ ಪೆಟ್ರೋಲಿನ ಖರ್ಚಿನ ಎದುರಿಗೆ ಅಲ್ಪವೆಂದೇ ಹೇಳಬೇಕು. ಆದರೆ ಸೀಸನ್ ಟಿಕೆಟ್ಟು ಗಾಡಿ ಹತ್ತುವ ಹಕ್ಕನ್ನು ಕೊಡುತ್ತದೆಯೇ ಹೊರತು ಕೂಡುವ ಜಾಗವನ್ನು ಕೊಡುವುದಿಲ್ಲ. ಮೈಸೂರಿನಲ್ಲಿ ಹೊರಟು ಮಂಡ್ಯ, ಮದ್ದೂರುಗಳಲ್ಲಿ ತುಂಬಿಕೊಂಡು ಬರುವ ಗಾಡಿ ರಾಮನಗರದವರಿಗಾಗಿ ಸೀಟು ಉಳಿಸಿಕೊಂಡಿರುವುದು ಅಪರೂಪ. ನಕ್ಷೆಯಲ್ಲಿ ಹತ್ತಿರವಾದ ಊರಿನಿಂದ ನಿಂತು ಬರುವುದೋ, ದೂರದ ಊರಿನಿಂದ ಕುಳಿತು ಬರುವುದೋ ಎಂಬ ವಿಚಿತ್ರವಾದ ಆಯ್ಕೆ ಇಲ್ಲಿ ಎದುರಾಗುತ್ತದೆ.

ಇಲ್ಲಿಯವರೆಗಿನ ಲೆಕ್ಕವೆಲ್ಲ ಪ್ರಯಾಣ ಮಾಡುವವನದು. ಮನೆಮನೆಗಳಲ್ಲಿ ಚರ್ಚೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುವುದುಂಟು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಬೆಳಗ್ಗೆ ಆರೂವರೆಗೆ ಹೊರಟು ರಾತ್ರಿ ಎಂಟಕ್ಕೆ ಮರಳುವವನಿಗೆ ಹೊಸ ಊರು ಎಂದರೆ ಒಂದು ಮಂಚ, ಒಂದು ಊಟದ ತಟ್ಟೆ ಮತ್ತು ಭಾನುವಾರ. ಆ ಊರಿನಲ್ಲಿ ಹಗಲನ್ನು ಕಳೆಯುವವರು ಅವನ ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ. ಅಂಗಡಿಯವನೊಡನೆ ಚೌಕಾಸಿ ಮಾಡುವವರು, ನಲ್ಲಿಯಲ್ಲಿ ನೀರು ಬಂದಾಗ ಎದ್ದು ಹಿಡಿಯುವವರು, ಮಗುವಿಗೆ ಜ್ವರ ಬಂದಾಗ ವೈದ್ಯರ ಬಾಗಿಲಿಗೆ ಓಡುವವರು ಅವರೇ. ಆದುದರಿಂದ ದಿಕ್ಕನ್ನು ದುಡಿಯುವವನು ಆರಿಸಲಿ. ಊರನ್ನು ಆರಿಸುವ ಹಕ್ಕು ಮನೆಯಲ್ಲಿ ಉಳಿಯುವವರಿಗೆ ಇರಬೇಕಾದದ್ದು ನ್ಯಾಯ.

ಅವರ ಪಟ್ಟಿಯಲ್ಲಿ ಮೊದಲು ಬರುವುದು ನೀರು. 2024ರ ಬೇಸಗೆಯಲ್ಲಿ ಬೆಂಗಳೂರಿನ ಹೊರವಲಯದ ಕೊಳವೆ ಬಾವಿಗಳು ಬತ್ತಿದ್ದು ಎಲ್ಲರಿಗೂ ನೆನಪಿದೆ. ನಗರವೇನೋ ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಮೇಲೆತ್ತಿ ತರಿಸಿಕೊಳ್ಳುತ್ತದೆ. ಸಣ್ಣ ಊರುಗಳಿಗೆ ಅಷ್ಟು ಶಕ್ತಿಯಿಲ್ಲ. ತುಮಕೂರಿಗೆ ಹೇಮಾವತಿಯ ನೀರುಂಟು; ಮಂಡ್ಯ ಕಾವೇರಿಯ ನಾಲೆಯ ಸೀಮೆ. ಕೋಲಾರ, ಮಾಲೂರುಗಳ ಕಡೆ ವರ್ಷವಿಡೀ ಹರಿಯುವ ನದಿಯೇ ಇಲ್ಲ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಅಲ್ಲಿಯ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಅಂತರ್ಜಲಕ್ಕೆ ಅದರಿಂದ ಒತ್ತಾಸೆಯಾಗಬಹುದು, ಆದರೆ ಅದು ಕುಡಿಯುವ ನೀರಲ್ಲ. ಊರನ್ನು ನೋಡಲು ಹೋಗುವವರು ಡಿಸೆಂಬರಿನ ಚಳಿಯಲ್ಲಿ ಹೋಗದೆ ಏಪ್ರಿಲಿನ ಬಿಸಿಲಿನಲ್ಲಿ ಹೋಗಬೇಕು. ನಲ್ಲಿ ಎಷ್ಟು ದಿನಗಳಿಗೊಮ್ಮೆ ಬರುತ್ತದೆಂದು ದಲ್ಲಾಳಿಯನ್ನು ಕೇಳುವ ಬದಲು ಪಕ್ಕದ ಮನೆಯ ಗೃಹಿಣಿಯನ್ನು ಕೇಳಬೇಕು.

ಎರಡನೆಯದು ಮಕ್ಕಳ ಓದು. ಇದರಲ್ಲಿ ರಾಜ್ಯದ ಗಡಿ ಒಂದು ತೊಡಕು. ಹೊಸೂರಿನ ಬೀದಿಗಳಲ್ಲಿ ಕನ್ನಡ ಧಾರಾಳವಾಗಿ ಕೇಳಿಬರುತ್ತದೆ. ಬೆಂಗಳೂರಿನಿಂದ ಅದು ಸುಮಾರು 40 ಕಿಲೋಮೀಟರ್ ಅಷ್ಟೇ. ಆದರೆ ಅದು ತಮಿಳುನಾಡಿಗೆ ಸೇರಿದ ಊರು. ಅಲ್ಲಿ 2006ರ ಕಾಯಿದೆಯಂತೆ ಶಾಲಾಮಕ್ಕಳು ತಮಿಳನ್ನು ಕಲಿಯಬೇಕು. ಇನ್ನೊಂದು ಭಾಷೆಯನ್ನು ಕಲಿಯುವುದು ನಷ್ಟದ ಮಾತಲ್ಲ. ಇಕ್ಕಟ್ಟು ಬರುವುದು ಮುಂದೆ. ಕರ್ನಾಟಕದ ಸಿ.ಇ.ಟಿ. ಮೂಲಕ ಸರಕಾರಿ ಸೀಟು ಪಡೆಯುವುದಕ್ಕೆ ಇರುವ ಮುಖ್ಯ ನಿಯಮವೆಂದರೆ, ವಿದ್ಯಾರ್ಥಿ ಒಂದನೆಯ ತರಗತಿಯಿಂದ ದ್ವಿತೀಯ ಪಿ.ಯು.ಸಿ.ಯವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ.ಯನ್ನು ಇಲ್ಲಿಯೇ ಮುಗಿಸಿರಬೇಕು. ಬೇರೆ ಕೆಲವು ಅವಕಾಶಗಳೂ ಉಂಟು. ಆದರೆ ಅವು ತಮ್ಮ ಸಂಸಾರಕ್ಕೆ ಅನ್ವಯಿಸುತ್ತವೆಯೇ ಎಂಬುದನ್ನು ಮನೆ ಬದಲಿಸುವ ಮೊದಲೇ ವಿಚಾರಿಸಿಕೊಳ್ಳಬೇಕು. ಎರಡನೆಯ ತರಗತಿಯ ಹುಡುಗಿಗಾಗಿ ಇಂದು ಆರಿಸಿದ ಊರು ಹತ್ತು ವರ್ಷಗಳ ಅನಂತರ ಅವಳ ಕಾಲೇಜಿನ ಬಾಗಿಲಿಗೆ ಅಡ್ಡ ನಿಲ್ಲಬಾರದು.

ಮೂರನೆಯದು ಹಿರಿಯರ ಯೋಗಕ್ಷೇಮ. ನಗರದ ಬೀದಿಯಲ್ಲಿ ಇಪ್ಪತ್ತು ವರ್ಷ ಬಾಳಿದ ಅಜ್ಜಿಗೆ ಹೂವಿನವಳು ಗೊತ್ತು, ದೇವಸ್ಥಾನದ ಅರ್ಚಕರು ಗೊತ್ತು, ಸಂಜೆಯ ಕಟ್ಟೆಯ ಗೆಳತಿಯರು ಗೊತ್ತು. ಹೆದ್ದಾರಿಯ ಬದಿಯ ಬಯಲಿನಲ್ಲಿ ಕಲ್ಲು ನೆಟ್ಟು ಮಾಡಿದ ಹೊಸ ಬಡಾವಣೆಯಲ್ಲಿ ಇವೆಲ್ಲ ಎಲ್ಲಿಂದ ಬರಬೇಕು? ಗಾಳಿ ಬೆಳಕು ಬೇಕಾದಷ್ಟಿರುತ್ತದೆ, ಮಾತನಾಡಿಸುವವರು ಇರುವುದಿಲ್ಲ. ಆದುದರಿಂದ, ನಿವೇಶನ ಕಿರಿದಾದರೂ ಹಳೆಯ ಊರಿನ ನಡುವೆ ಮನೆ ಮಾಡುವುದು ಲೇಸು. ರಾಮನಗರಕ್ಕೆ ರೇಷ್ಮೆಗೂಡಿನ ಮಾರುಕಟ್ಟೆ ಇದೆ, ಚನ್ನಪಟ್ಟಣಕ್ಕೆ ಬಣ್ಣದ ಗೊಂಬೆಗಳಿವೆ, ದೊಡ್ಡಬಳ್ಳಾಪುರಕ್ಕೆ ಮಗ್ಗಗಳಿವೆ. ತನ್ನದೇ ಕಸುಬುಳ್ಳ ಊರು ಹಗಲಿನಲ್ಲಿ ಬಿಕೋ ಎನ್ನುವುದಿಲ್ಲ. ತುಮಕೂರು, ಮಂಡ್ಯ, ರಾಮನಗರಗಳಂತಹ ಜಿಲ್ಲಾ ಕೇಂದ್ರಗಳಾದರೆ ಆಸ್ಪತ್ರೆಗೂ ಕಾಲೇಜಿಗೂ ಬೆಂಗಳೂರಿನತ್ತ ಮುಖ ಮಾಡುವ ಪ್ರಸಂಗ ಕಡಮೆ.

ಪ್ರತಿದಿನವೂ ರೈಲಿನಲ್ಲಿ ಹೋಗಿ ಬರುವ ಬಾಳು ಹೇಗಿರುತ್ತದೆಂಬುದನ್ನು ಅರಿಯಬೇಕಾದರೆ ಕೋಲಾರದ ಚಿನ್ನದ ಗಣಿಯ ಊರನ್ನು ನೋಡಬೇಕು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆದರೆ ಊರಿನವರೆಲ್ಲ ಗಂಟುಮೂಟೆ ಕಟ್ಟಲಿಲ್ಲ. ಅಂದಿನಿಂದ ಸಾವಿರಾರು ಮಂದಿ ನಸುಕಿನಲ್ಲಿ ಎದ್ದು, ಮಾರಿಕುಪ್ಪದಿಂದ ಹೊರಡುವ ಗಾಡಿಗಳಲ್ಲಿ ಬೆಂಗಳೂರಿಗೆ ಬಂದು ದುಡಿದು ರಾತ್ರಿ ಹಿಂದಿರುಗುತ್ತಾರೆ. ಇತ್ತ ಕಡೆಯವರು ಬಾಡಿಗೆಗೆ ಬೇಸತ್ತು ಊರನ್ನು ಹುಡುಕಿದರೆ, ಅವರು ಊರನ್ನು ಬಿಡಲಾರದೆ ರೈಲನ್ನು ಹಿಡಿದರು. ದಿನವೂ ನಾಲ್ಕೈದು ಗಂಟೆಗಳ ಪ್ರಯಾಣದ ದಣಿವು ದೊಡ್ಡದು. ನಿದ್ದೆಗಣ್ಣಿನ ಮಕ್ಕಳನ್ನೇ ನೋಡುವ ತಂದೆಯ ಪಾಡು ಅಲ್ಲಿ ಯಾರಿಗೂ ಹೊಸದಲ್ಲ. ಆದರೂ ಅದನ್ನು ಅವರು ಸಹಿಸಿದರೆ, ಹಿಂದೆ ಉಳಿದ ಮನೆಮಂದಿಗೆ ನೆರೆಹೊರೆ ಇದೆ, ನಂಟರಿದ್ದಾರೆ, ಬೀದಿ ಬೀದಿಯ ಪರಿಚಯವಿದೆ. ಹೊಸ ಊರಿಗೆ ಹೋಗುವ ಸಂಸಾರಕ್ಕೆ ಆ ದಣಿವು ಮೊದಲ ದಿನವೇ ದೊರೆಯುತ್ತದೆ. ನೆರೆಹೊರೆ ಕೂಡಿಬರಲು ವರ್ಷಗಳು ಬೇಕು.

ಗಂಡ ಹೆಂಡತಿ ಇಬ್ಬರೂ ನಗರದಲ್ಲಿ ದುಡಿಯುವವರಾದರೆ ಪ್ರಶ್ನೆ ಇನ್ನೂ ಸೂಕ್ಷ್ಮ. ಸಂಜೆಯ ಗಾಡಿ ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ, ಕತ್ತಲಾದ ಮೇಲೆ ನಿಲ್ದಾಣದಿಂದ ಮನೆಯವರೆಗಿನ ದಾರಿಯಲ್ಲಿ ದೀಪವಿದೆಯೇ, ಶಾಲೆ ಬಿಟ್ಟ ಮಗು ರಾತ್ರಿ ಎಂಟರವರೆಗೆ ಯಾರ ಮನೆಯಲ್ಲಿ ಇರಬೇಕು—ಈ ಮೂರಕ್ಕೆ ನಿಶ್ಚಿತವಾದ ಉತ್ತರ ದೊರೆಯುವವರೆಗೆ ಇಬ್ಬರೂ ಹೊರಡದಿರುವುದೇ ವಿವೇಕ.

ಕೊನೆಯದಾಗಿ, ಮುಂದೆ ಬರಲಿರುವ ಸೌಕರ್ಯವನ್ನು ನಂಬಿ ಇಂದು ಹಣ ಹೂಡುವ ವಿಚಾರ. ಬೆಂಗಳೂರಿನ ಉಪನಗರ ರೈಲು ಯೋಜನೆಗೆ 2020ರಲ್ಲಿ ಒಪ್ಪಿಗೆ ದೊರೆತು, 2022ರ ಜೂನಿನಲ್ಲಿ ಶಂಕುಸ್ಥಾಪನೆಯಾಯಿತು. ಸುಮಾರು 148 ಕಿಲೋಮೀಟರುಗಳ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂಗಳ ಹೆಸರನ್ನಿಟ್ಟಿದ್ದಾರೆ. ಹೆಸರು ಇಂಪಾಗಿದೆ, ಆದರೆ ಸಂಸಾರ ಸಾಗಬೇಕಾದದ್ದು ಇಂದು ಓಡುತ್ತಿರುವ ಗಾಡಿಯ ಮೇಲೆ. ಜಮೀನಿನ ಕಾಗದಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ಭೂಪರಿವರ್ತನೆ ಆಗಿದೆಯೇ, ಖಾತೆ ಸರಿಯಾಗಿದೆಯೇ, ಋಣಭಾರ ಪತ್ರ ಏನು ಹೇಳುತ್ತದೆ, ದೊಡ್ಡ ಬಡಾವಣೆಯಾದರೆ ರೇರಾ ನೋಂದಣಿ ಇದೆಯೇ ಎಂಬುದನ್ನೆಲ್ಲ ತಮ್ಮದೇ ವಕೀಲರಿಂದ ಪರಿಶೀಲಿಸಿಕೊಳ್ಳಬೇಕು. ಅದಕ್ಕಿಂತ ಮೇಲಾದುದು ಮೊದಲ ವರ್ಷ ಬಾಡಿಗೆ ಮನೆಯಲ್ಲಿ ಇದ್ದು ನೋಡುವುದು. ಹನ್ನೊಂದು ತಿಂಗಳ ಕರಾರಿನಲ್ಲಿ ಒಂದು ಬೇಸಗೆ, ಒಂದು ಮಳೆಗಾಲ ಎರಡೂ ಬಂದು ಹೋಗುತ್ತವೆ. ಊರು ಒಗ್ಗದಿದ್ದರೆ ನಷ್ಟವಾಗುವುದು ಸಾಮಾನು ಸಾಗಿಸಿದ ಖರ್ಚು ಮಾತ್ರ.

ಅಷ್ಟಕ್ಕೂ ಮೊದಲು ಒಂದು ಸುಲಭವಾದ ಪರೀಕ್ಷೆಯುಂಟು. ಯಜಮಾನರು ಒಂದು ವಾರ ಆ ಊರಿನಿಂದ ಕಚೇರಿಗೆ ಹೋಗಿ ಬರಲಿ; ಬಂಧುಗಳ ಮನೆಯೋ ವಸತಿಗೃಹವೋ, ಎಲ್ಲಾದರೂ ಉಳಿದುಕೊಳ್ಳಲಿ. ಆ ವಾರದಲ್ಲಿ ಒಂದು ದಿನ, ಭಾನುವಾರವಲ್ಲದ ದಿನ, ಮನೆಯಾಕೆ ಅತ್ತೆಯನ್ನೂ ಮಕ್ಕಳನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ, ಸಂತೆ, ಶಾಲೆ, ಆಸ್ಪತ್ರೆ, ದೇವಸ್ಥಾನಗಳನ್ನೆಲ್ಲ ನಡೆದು ನೋಡಿ, ಮಧ್ಯಾಹ್ನದ ಎರಡು ಗಂಟೆಯ ಮೌನವನ್ನೂ ಸಂಜೆಯ ಏಳು ಗಂಟೆಯ ಬೀದಿಯನ್ನೂ ಕಣ್ಣಾರೆ ಕಂಡು ಬರಲಿ. ಮರುದಿನ ಎಲ್ಲರೂ ಕುಳಿತು ಮಾತನಾಡುವಾಗ ಯಜಮಾನರು ಕೊನೆಗೆ ಮಾತನಾಡುವುದು ಒಳ್ಳೆಯದು.