ಉಬ್ಬರವಿಳಿತದ ಪಾಠ ಕಡಲ ತೀರಕ್ಕೇ ಸೀಮಿತವೆ?

ತುಮಕೂರು ಜಿಲ್ಲೆಗೆ ಕಡಲಿಲ್ಲ. ಆದುದರಿಂದ ಇಲ್ಲಿಯ ಶಾಲೆಗಳಲ್ಲಿ ಉಬ್ಬರವಿಳಿತವು ಭೂಗೋಳದ ಒಂದು ಕಿರುಪಾಠವಾಗಿ ಮುಗಿದುಹೋಗುವುದು ಸಹಜ. ತುಮಕೂರಿನ ಅಮಾನಿಕೆರೆಯಾಗಲಿ, ಗುಬ್ಬಿಯ ಕೆರೆಯಾಗಲಿ, ಕುಣಿಗಲಿನ ದೊಡ್ಡಕೆರೆಯಾಗಲಿ ಚಂದ್ರನನ್ನು ಕಂಡು ಉಬ್ಬುವುದಿಲ್ಲ. ಒಂದು ದಡಕ್ಕೂ ಇನ್ನೊಂದು ದಡಕ್ಕೂ ಚಂದ್ರನ ಸೆಳೆತದಲ್ಲಿರುವ ವ್ಯತ್ಯಾಸ ಅಷ್ಟು ಅಲ್ಪ. ಆದರೆ ಸೆಳೆತದ ಈ ವ್ಯತ್ಯಾಸವೇ ಉಬ್ಬರದ ಮೂಲ. ಅದು ನೀರನ್ನಷ್ಟೇ ಅಲ್ಲ, ಆಕಾಶಕಾಯಗಳ ಕಕ್ಷೆಯನ್ನೂ ಬದಲಿಸಬಲ್ಲದು.

ಚಂದ್ರನು ಭೂಮಿಯನ್ನು ಸುತ್ತುವುದಕ್ಕಿಂತ ಬೇಗನೆ ಭೂಮಿ ತನ್ನ ಸುತ್ತ ತಾನು ತಿರುಗುತ್ತದೆ. ಆದ್ದರಿಂದ ಅದರ ಮೇಲಿನ ಉಬ್ಬು ಚಂದ್ರನಿಗಿಂತ ತುಸು ಮುಂದಿದ್ದು ಅವನನ್ನು ಮುಂದಕ್ಕೆಳೆಯುತ್ತದೆ. ಇದರ ಫಲವಾಗಿ ಚಂದ್ರನು ವರ್ಷಕ್ಕೆ ಸುಮಾರು 3.8 ಸೆಂಟಿಮೀಟರಿನಷ್ಟು ದೂರ ಸರಿಯುತ್ತಿದ್ದಾನೆ.

ಇದಕ್ಕೆ ವಿಪರೀತವಾದ ನಿದರ್ಶನಗಳು ದೂರದ ನಕ್ಷತ್ರಗಳಲ್ಲಿವೆ. ಗುರುಗ್ರಹಕ್ಕೆ ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ ಬೇಕು. 1995ರಲ್ಲಿ ಮೇಯರ್ ಮತ್ತು ಕ್ವೆಲೋಜ್ ಎಂಬ ವಿಜ್ಞಾನಿಗಳು ಕಂಡ ದೈತ್ಯಗ್ರಹವಾದರೋ ತನ್ನ ನಕ್ಷತ್ರವನ್ನು 4.2 ದಿನಗಳಲ್ಲಿ ಸುತ್ತುತ್ತದೆ. ಇಂಥದೇ ಒಂದು ಗ್ರಹಕ್ಕೆ 2019ರಲ್ಲಿ ಭಾರತದ ಪರವಾಗಿ ‘ಸಂತಮಸ’ ಎಂದೂ, ಅದರ ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿಯವರ ಸ್ಮರಣಾರ್ಥ ‘ಬಿಭಾ’ ಎಂದೂ ನಾಮಕರಣವಾಯಿತು.

ಇವುಗಳಲ್ಲಿ ವಾಸ್ಪ್-12ಬಿ ಎಂಬ ಗ್ರಹದ ಕಥೆ ವಿಶೇಷವಾದುದು. ಅದರ ವರ್ಷವೆಂದರೆ ಸುಮಾರು 26 ಗಂಟೆ. ಅದರ ನಕ್ಷತ್ರವು ಅಷ್ಟು ಬೇಗ ತಿರುಗದು. ಆದಕಾರಣ ನಕ್ಷತ್ರದ ಮೇಲಿನ ಉಬ್ಬು ಗ್ರಹಕ್ಕಿಂತ ಹಿಂದುಳಿದು ಅದನ್ನು ಹಿಂದಕ್ಕೆ ಜಗ್ಗುತ್ತದೆ. ಗ್ರಹವು ಸುತ್ತುಸುತ್ತುತ್ತ ಒಳಗೆ ಇಳಿಯುತ್ತಿದೆ. ಕೆಲವು ದಶಲಕ್ಷ ವರ್ಷಗಳಲ್ಲಿ ಅದರ ಅಂತ್ಯ ನಿಶ್ಚಿತವೆಂದು ವಿಜ್ಞಾನಿಗಳ ಎಣಿಕೆ.

ಇದು ತಿಳಿದುಬಂದ ಬಗೆ ವಿದ್ಯಾರ್ಥಿಗಳು ಮನನ ಮಾಡತಕ್ಕದ್ದು. 2020ರಲ್ಲಿ ಪ್ರಕಟವಾದ ಗಣನೆಯಂತೆ, ಅದರ ಸುತ್ತಿನ ಅವಧಿ ವರ್ಷಕ್ಕೆ ಕುಗ್ಗುವುದು ಸೆಕೆಂಡಿನ ಸಾವಿರ ಪಾಲಿನಲ್ಲಿ 29 ಪಾಲು ಮಾತ್ರ. ಆದರೆ ಸುತ್ತಿನಿಂದ ಸುತ್ತಿಗೆ ಕೂಡುತ್ತ ಹೋದ ಈ ಕೊರತೆ ಹತ್ತು ವರ್ಷಗಳಲ್ಲಿ ಸುಮಾರು 8 ನಿಮಿಷವಾಗುತ್ತದೆ. ಗ್ರಹವು ನಕ್ಷತ್ರದ ಮುಂದೆ ಹಾದುಹೋಗುವ ಗಳಿಗೆ ಅಷ್ಟು ಮುಂಚಿತವಾಗಿ ಬರುತ್ತದೆ. ಹಳೆಯ ವೀಕ್ಷಣೆಗಳ ವೇಳೆಯನ್ನು ಯಾರೂ ಬರೆದಿಡದೆ ಹೋಗಿದ್ದರೆ ಈ ಸತ್ಯ ಹೊರಬೀಳುತ್ತಿರಲಿಲ್ಲ.

ಬಯಲುಸೀಮೆಯ ಮಕ್ಕಳಿಗೆ ಇದರಿಂದೇನು ಪ್ರಯೋಜನ, ದೂರದರ್ಶಕ ಕೊಳ್ಳಲು ಶಾಲೆಗಳಲ್ಲಿ ಹಣವೆಲ್ಲಿದೆ ಎಂದು ಕೇಳುವವರುಂಟು. ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಇಲ್ಲಿ ಮೊದಲು ಬೇಕಾದುದು ದೂರದರ್ಶಕವಲ್ಲ, ದಿನಾಂಕ ಸಹಿತವಾದ ಒಂದು ದಾಖಲೆ ಪುಸ್ತಕ. ಚಂದ್ರೋದಯದ ವೇಳೆ, ಕೆರೆಯ ನೀರಿನ ಮಟ್ಟ, ಮಳೆಯ ಅಳತೆ ಇವನ್ನು ಬರೆದಿಡಲು ಹೆಚ್ಚಿನ ಖರ್ಚಿಲ್ಲ. ವಿದ್ಯಾರ್ಥಿಯು ಪ್ರೌಢಶಾಲೆಯಲ್ಲಿ ಇರುವುದು ಮೂರು ವರ್ಷ. ಶಾಲೆಯಾದರೋ ತಲೆಮಾರುಗಳ ಕಾಲ ಉಳಿಯುವಂಥದು. ನಿಧಾನದ ಬದಲಾವಣೆಯನ್ನು ಕಾಣಬಲ್ಲ ದೀರ್ಘಾಯುಷ್ಯ ಸಂಸ್ಥೆಗೇ ಇರುವುದು. ಪ್ರತಿ ವರ್ಷದ ಸಂಚಿಕೆಯಲ್ಲಿ ಆಯಾ ವರ್ಷದ ದಾಖಲೆಗೆ ಎರಡು ಪುಟ ಮೀಸಲಾಗಲಿ. ಮುಂದಿನ ವಿದ್ಯಾರ್ಥಿಗಳು ಹೋಲಿಸಿ ನೋಡಲು ಅವರ ಕೈಯಲ್ಲಿ ಏನಾದರೂ ಇರಬೇಕು.