ಗಂಗಾಮೂಲದ ಪಂಡಿತೆಯ ಎರಡು ತಾರೀಖುಗಳು

ಕೆಲವು ವರ್ಷಗಳ ಹಿಂದೆ ಜಯನಗರದ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಹೈಸ್ಕೂಲಿನಲ್ಲಿ ನಾನು ಅವನಿಗೆ ಚರಿತ್ರೆಯ ಪಾಠ ಹೇಳಿದ್ದೆ. ಕಾಫಿ ಕುಡಿಯುತ್ತಾ, "ಸಾರ್, ನಾನು ಕ್ರಿಸ್ತನನ್ನು ನಂಬಿದ್ದೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಮೊದಲು ನಿಮಗೆ ಹೇಳೋಣ ಅನ್ನಿಸಿತು" ಎಂದ. ನನ್ನ ಬಾಯಿಂದ ಹೊರಟ ಮೊದಲ ಮಾತು, "ಯಾರು ಏನು ಕೊಟ್ಟರಪ್ಪಾ?" ಅವನು ಉತ್ತರಿಸಲಿಲ್ಲ. ಲೋಟ ಕೆಳಗಿಟ್ಟು, ಕೈಮುಗಿದು ಹೊರಟುಹೋದ. ಮತ್ತೆ ಬರಲಿಲ್ಲ. ಪ್ರಶ್ನೆ ಕೇಳುವುದನ್ನೇ ವೃತ್ತಿಯಾಗಿಸಿಕೊಂಡು ಪಿಂಚಣಿ ಪಡೆಯುತ್ತಿರುವವನು ನಾನು.

ಈಚೆಗೆ ಪಂಡಿತಾ ರಮಾಬಾಯಿಯವರ ಜೀವನವನ್ನು ಓದುವಾಗ ಈ ಪ್ರಸಂಗ ಮತ್ತೆ ಮತ್ತೆ ನೆನಪಿಗೆ ಬಂದಿತು. ರಮಾಬಾಯಿ ಎಂದೊಡನೆ ಮಹಾರಾಷ್ಟ್ರವೆಂದು ನಾವು ತಿಳಿಯುತ್ತೇವೆ. ಆದರೆ ಆಕೆ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ತಾಣದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ ಅಪರಾಧಕ್ಕಾಗಿ ಅವರು ಉಡುಪಿಯ ವಿದ್ವತ್ಸಭೆಯ ಮುಂದೆ ನಿಂತು, ಸ್ತ್ರೀಗೆ ಆ ವಿದ್ಯೆ ನಿಷಿದ್ಧವಲ್ಲವೆಂದು ಗ್ರಂಥಾಧಾರ ಸಹಿತ ವಾದಿಸಬೇಕಾಯಿತು. ಮಗಳಿಗೆ ಸಂಸ್ಕೃತ ಬಂದದ್ದು ಆ ತಾಯಿಯಿಂದ.

ಮುಂದಿನ ಕಥೆ ಕರುಣಾಜನಕವಾದುದು. ಆಸ್ತಿ ಕರಗಿ, ಕುಟುಂಬವು ಪುರಾಣ ಓದುತ್ತಾ ತೀರ್ಥದಿಂದ ತೀರ್ಥಕ್ಕೆ ನಡೆಯಿತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅಣ್ಣನೊಡನೆ ಅಲೆದಲೆದು ಕಲ್ಕತ್ತೆ ಸೇರಿದಾಗ 1878. ಅಲ್ಲಿನ ವಿದ್ವಾಂಸರು ಆಕೆಗೆ 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಬಂಗಾಳಿ ವಕೀಲರೊಬ್ಬರೊಡನೆ ಅಂತರ್ಜಾತೀಯ ವಿವಾಹ, 1882ರಲ್ಲಿ ವೈಧವ್ಯ. ಗಂಡನ ಮನೆಯ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಆಕೆಗೆ ಸಿಕ್ಕಿತ್ತು. ಅದನ್ನು ಯಾರೂ ತಂದು ಕೈಗಿತ್ತದ್ದಲ್ಲ.

1883ರಲ್ಲಿ ರಮಾಬಾಯಿ ಇಂಗ್ಲೆಂಡಿಗೆ ಹೋದರು. ಅಲ್ಲಿ, ಸಮಾಜ ಹೊರಗಟ್ಟಿದ್ದ ಹೆಂಗಸರನ್ನು ಕ್ರೈಸ್ತ ಸನ್ಯಾಸಿನಿಯರು ಆದರಿಸುವುದನ್ನು ಕಂಡರು. ಬಾವಿಯ ಬಳಿ ಯೇಸುವು ಸಮಾರ್ಯದ ಹೆಂಗಸಿನೊಡನೆ ಮಾತನಾಡಿದ ಕಥೆಯನ್ನು ಕೇಳಿದರು. ಅದೇ ವರ್ಷ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನಲ್ಲಿ ಪುಟ್ಟ ಮಗಳೊಡನೆ ದೀಕ್ಷಾಸ್ನಾನ ಪಡೆದರು. ಹಾಗೆಂದು ಹೇಳಿದ್ದನ್ನೆಲ್ಲ ಒಪ್ಪಿಕೊಂಡವರಲ್ಲ. ತ್ರಯೈಕ್ಯ ತತ್ತ್ವವನ್ನು ಪ್ರಶ್ನಿಸಿದರು, ಸಸ್ಯಾಹಾರ ಬಿಡಲಿಲ್ಲ, ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರವೇಕೆ, ಸಂಸ್ಕೃತವೇಕಿರಬಾರದು ಎಂದು ತಕರಾರು ತೆಗೆದರು. ಉಡುಪಿಯಲ್ಲಿ ವಾದಿಸಿದ ತಂದೆಯ ಮಗಳಲ್ಲವೇ!

ನನ್ನನ್ನು ತಡೆದು ನಿಲ್ಲಿಸಿದ್ದು ಇದರ ಮುಂದಿನ ಸಂಗತಿ. ದೀಕ್ಷೆಯಾಗಿ ಸುಮಾರು ಎಂಟು ವರ್ಷಗಳ ತರುವಾಯ, ಹಾಸ್ಲಮ್ ಎಂಬ ಪಾದ್ರಿಯ ಆತ್ಮಕಥೆಯನ್ನು ಓದುತ್ತಿದ್ದಾಗ, ತನಗೆ ಕ್ರೈಸ್ತಧರ್ಮ ದೊರೆತಿತ್ತೇ ಹೊರತು ಕ್ರಿಸ್ತ ದೊರೆತಿರಲಿಲ್ಲ ಎಂಬುದು ಅವರಿಗೆ ಗೋಚರಿಸಿತು. ಇದನ್ನು ಅವರೇ ನಿಸ್ಸಂಕೋಚವಾಗಿ ಬರೆದುಕೊಂಡಿದ್ದಾರೆ. ಹಾಗಿದ್ದರೆ ಆಕೆ ಕ್ರೈಸ್ತಳಾದದ್ದು ಎಂದು? ಚರ್ಚಿನ ದಾಖಲೆ 1883 ಎನ್ನುತ್ತದೆ. ಆಕೆಯ ಅಂತರಂಗ 1891ರ ಸುಮಾರನ್ನು ತೋರಿಸುತ್ತದೆ.

2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಕಾಯ್ದೆಯು, ಮತಾಂತರಗೊಳ್ಳುವವರು 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗಳಿಗೆ ಅರ್ಜಿಯಲ್ಲಿ ತಿಳಿಸಬೇಕೆಂದು ವಿಧಿಸಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ರಾಜಕೀಯ ಇಲ್ಲಿ ಬೇಡ. ಆಮಿಷವೊಡ್ಡುವವರು ಇರಬಹುದು, ಅದು ಖಂಡನೀಯವೇ. ಆದರೆ ಇಂಥ ಅರ್ಜಿಯನ್ನು ರಮಾಬಾಯಿ ತುಂಬಬೇಕಾಗಿದ್ದರೆ ಯಾವ ತಾರೀಖನ್ನು ಬರೆಯುತ್ತಿದ್ದರು? ನಾಳೆ ನನಗೆ ಕಣ್ಣು ಕಾಣಲಿದೆ ಎಂದು ಕುರುಡನು 30 ದಿನ ಮೊದಲೇ ಹೇಗೆ ತಿಳಿಸಿಯಾನು? ಇಷ್ಟು ಮಂದಿ ಸೇರಿದರೆಂದು ತಲೆ ಎಣಿಸುವ ಮಿಷನ್ನಿನವರ ಪಟ್ಟಿಗೂ ಇದೇ ಆಕ್ಷೇಪಣೆ ಸಲ್ಲುತ್ತದೆ. ಎರಡೂ ಕಡೆಯವರು ಎಣಿಸುತ್ತಿರುವುದು ಸ್ನಾನವನ್ನು, ಕಾಣ್ಕೆಯನ್ನಲ್ಲ.

ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಹುಟ್ಟುಗುರುಡನೊಬ್ಬನ ಕಥೆಯಿದೆ. ಕ್ರೈಸ್ತನಲ್ಲದ ನಾನು ಅದನ್ನು ಕುತೂಹಲದಿಂದಲೇ ಓದಿದೆ. ಯೇಸು ಅವನ ಕಣ್ಣಿಗೆ ಕೆಸರು ಹಚ್ಚಿ, ಸಿಲೋವದ ಕೊಳದಲ್ಲಿ ತೊಳೆದುಕೊಳ್ಳಲು ಹೇಳುತ್ತಾನೆ. ದೃಷ್ಟಿ ಬರುತ್ತದೆ. ಕೂಡಲೇ ವಿಚಾರಣೆ ಆರಂಭ. ಹೇಗಾಯಿತು, ಮಾಡಿದವನಾರು, ಸಬ್ಬತ್ ದಿನದಲ್ಲಿ ಮಾಡಬಹುದೇ? ಹೆತ್ತವರನ್ನೂ ಕರೆಸುತ್ತಾರೆ, ಅವರು ಬಹಿಷ್ಕಾರಕ್ಕೆ ಅಂಜಿ, ಅವನೇನು ಮಗುವಲ್ಲ, ಅವನನ್ನೇ ಕೇಳಿ ಎಂದು ಜಾರಿಕೊಳ್ಳುತ್ತಾರೆ. ಅಧ್ಯಾಯ ಮುಗಿದರೂ, ಅಯ್ಯಾ, ನಿನಗೀಗ ಏನು ಕಾಣುತ್ತಿದೆ ಎಂದು ಆ ಬಡವನನ್ನು ಒಬ್ಬ ವಿಚಾರಣೆಗಾರನೂ ಕೇಳುವುದಿಲ್ಲ. ಎರಡನೆಯ ಸಲ ಓದಿದಾಗ ಆ ವಿಚಾರಣೆಗಾರರ ಸಾಲಿನಲ್ಲಿ ನನ್ನ ಮುಖವೂ ಕಂಡಿತು.

ರಮಾಬಾಯಿಗೆ ಕಂಡದ್ದೇನೆಂಬುದಕ್ಕೆ ಪುಣೆಯ ಸಮೀಪದ ಕೇಡಗಾಂವದ ಮುಕ್ತಿ ಮಿಷನ್ ಇದೆ. ಬರದಿಂದ ನೊಂದ ನೂರಾರು ಹೆಂಗಸರಿಗೂ ಮಕ್ಕಳಿಗೂ ಅದು ಆಶ್ರಯವಾಯಿತು. ಅಂಧ ಮಹಿಳೆಯರಿಗೆ ಅಲ್ಲಿ ಬ್ರೈಲ್ ಕಲಿಸಿದರು. ಮೂಲದಿಂದಲೇ ಅನುವಾದಿಸಬೇಕೆಂದು ಹೀಬ್ರೂ, ಗ್ರೀಕ್ ಕಲಿತು, 1922ರಲ್ಲಿ ಸಾಯುವವರೆಗೂ ಅವರು ಬೈಬಲನ್ನು ಮರಾಠಿಗೆ ತರುವುದರಲ್ಲಿ ತೊಡಗಿದ್ದರು. ಅವರ ನಂಬಿಕೆ ನನ್ನದಲ್ಲ. ಆದರೂ ಇದನ್ನೆಲ್ಲ ಆಮಿಷದ ಫಲವೆನ್ನುವ ಧೈರ್ಯ ನನಗಿಲ್ಲ.

ಆ ಹುಡುಗನ ಫೋನ್ ನಂಬರು ಅವನ ಸಹಪಾಠಿಯೊಬ್ಬನಿಂದ ದೊರೆತಿದೆ. ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಭಾನುವಾರ ಅವನು ಪ್ರಾರ್ಥನೆಗೆ ಹೋಗಿರುತ್ತಾನೋ ಏನೋ. ಸೋಮವಾರ ಸಂಜೆ ಮಾತನಾಡಿಸಬೇಕು.